ನಡಾವಳಿಯ ಹೊರಗೆ

ಹನ್ನೆರಡು ಗಾಡಿ. ಒಂದೇ ಜಾತಿಯದು. ಬ್ಯಾಂಕಿನವರ ಷರತ್ತು.
ಯಾವುದೆಂದು ಬುಧವಾರದೊಳಗೆ ಹೇಳಬೇಕು.
ಬೆಂದೂರುವೆಲ್ಲಿನ ಮಹಡಿಯಲ್ಲಿ, ಕಟಕಟ ಫ್ಯಾನಿನ ಕೆಳಗೆ
ಟ್ಯಾಕ್ಸಿ ಚಾಲಕರ ಸಹಕಾರ ಸಂಘ ಸಭೆ ಸೇರಿತು;
ಬರೆದುಕೊಳ್ಳುವವ ನಾನು.

ಮೇಜಿನ ತುಂಬ ಬಣ್ಣದ ಹಾಳೆಗಳು.
ಎಲ್ಲ ಕಾರೂ ಹಿಮದ ಬೆಟ್ಟದೆದುರು ನಿಂತಿವೆ,
ಒಂದಾದರೂ ಕೊಟ್ಟಾರ ಚೌಕಿಯ
ಮೊಣಕಾಲುದ್ದ ನೀರಿನಲ್ಲಿ ನಿಂತಿಲ್ಲ.

ಇದಿನಬ್ಬ ಕನ್ನಡಕ ಒರೆಸಿಕೊಂಡ:
‘ಮೈಲೇಜು ಆಮೇಲೆ ಮಾರಾಯ್ರೆ, ಮೊದಲು ಡಿಕ್ಕಿ ತೋರಿಸಿ.
ಬಜ್ಪೆಯಲ್ಲಿ ಇಳಿಯುವವ ಒಬ್ಬನೇ ಇಳಿಯುವುದುಂಟಾ?
ಎರಡು ಕಂಬಳಿ, ಹಾಲಿನ ಪುಡಿ, ಹಗ್ಗ ಬಿಗಿದ ಟಿ.ವಿ.,
ಕರೆಯಲಿಕ್ಕೆ ಬಂದ ಏಳು ಜನ.
ಗ್ಯಾಸಿನ ಸಿಲಿಂಡರು ಹಿಂದೆ ಮಲಗಿದರೆ
ಆ ಕಂಬಳಿ ಎಲ್ಲಿ ಮಲಗಬೇಕು?’

ಬ್ಯಾಟರಿಯದ್ದಾಗಲಿ ಎಂದಳು ಪ್ರೆಸಿಲ್ಲಾ ಕುವೆಲ್ಲೊ,
ಸಂಘದ ಒಬ್ಬಳೇ ಹೆಂಗಸು, ರಾತ್ರಿ ಪಾಳಿ ಅವಳದ್ದೇ:
‘ಸದ್ದಿಲ್ಲ, ಹೊಗೆಯಿಲ್ಲ. ನಸುಕಿಗೆ ಗಲ್ಲಿಯೊಳಗೆ ಬಂದರೆ
ನನ್ನ ನಾಯಿಗೂ ಗೊತ್ತಾಗಲಿಕ್ಕಿಲ್ಲ.’
‘ಪಡೀಲಿನ ಅಂಡರ್‌ಪಾಸಿಗೆ ಗೊತ್ತಾಗ್ತದೆ’ ಎಂದರು ಯಾರೋ, ಜೂನ್ ನೆನೆದು.
ಎಲ್ಲರೂ ನಕ್ಕರು.
ನಗುವಿಗೆ ನಡಾವಳಿಯಲ್ಲಿ ಕಾಲಂ ಇಲ್ಲ.

ಕಿರಿಯವ ದೀಕ್ಷಿತನಿಗೆ ಉದ್ದ ಮೂತಿಯ ಸೆಡಾನೇ ಆಗಬೇಕು.
‘ಮದುವೆಗೆ ಕರೀತಾರೆ, ಫೋಟೋದಲ್ಲಿ ಬರ್ತದೆ.’

ವಾಮನ ಸಾಲ್ಯಾನ್ ಮಾತಾಡಲಿಲ್ಲ.
ನಲವತ್ತು ವರ್ಷ ಧಕ್ಕೆಯ ಬದಿಯ ಬಾಡಿಗೆ;
ಉಪ್ಪುಗಾಳಿ ತಿಂದ ಅವನ ಆಂಬಾಸಿಡರಿನ ನೆಲದಲ್ಲಿ
ಕೊನೆಕೊನೆಗೆ ರಸ್ತೆ ಕಾಣುತ್ತಿತ್ತು.
ಮೇಲೊಂದು ರಬ್ಬರ್ ಮ್ಯಾಟು ಹಾಸಿ
‘ಕಾಲು ಈಚೆ ಇಡಿ ಅಮ್ಮ’ ಅನ್ನುತ್ತಿದ್ದ.
ಈಗ ಜೇಬಿನಿಂದ ತೆಗೆದದ್ದು ಅಳತೆಯ ಟೇಪು,
ಹೊಲಿಗೆಯ ಹೆಂಡತಿಯದ್ದು.

ಸೋಮವಾರ ಶೋರೂಮಿನಲ್ಲಿ ಅವ ಬಾನೆಟ್ ಎತ್ತಲಿಲ್ಲ.
ನೆಲದಿಂದ ಸೀಟಿಗೆ ಟೇಪು ಹಿಡಿದ:
ಹತ್ತೊಂಬತ್ತು ಇಂಚು. ಇಪ್ಪತ್ತೆಂಟು. ಇಪ್ಪತ್ತಮೂರು.
‘ಎಂಜಿನ್ ಬಗ್ಗೆ ಹೇಳಲಾ ಸರ್?’ ಸೇಲ್ಸಿನ ಹುಡುಗಿ.
‘ಬೇಡ ಮಗಾ. ಈ ಬಾಗಿಲು ಇದಕ್ಕಿಂತ ಅಗಲ ತೆರೀತದಾ?’

ಜೊತೆಗೆ ಬೊಕ್ಕಪಟ್ಣದ ಅಪ್ಪಿಯಕ್ಕ.
ಮಂಗಳವಾರ, ಶುಕ್ರವಾರ ಕಂಕನಾಡಿಗೆ,
ರಕ್ತ ತೊಳೆಸಿಕೊಳ್ಳಲಿಕ್ಕೆ.
ಮೊದಲನೆಯದರಲ್ಲಿ ಕೂತಳು, ಮೊಣಕಾಲು ಗಲ್ಲಕ್ಕೆ ಬಂತು.
ಎಬ್ಬಿಸಲಿಕ್ಕೆ ಇಬ್ಬರು ಬೇಕಾದರು.
ಎರಡನೆಯದಕ್ಕೆ ದೋಣಿ ಹತ್ತುವ ಹಾಗೆ ಒಂದು ಕಾಲೆತ್ತಿ
ಅಲ್ಲೇ ನಿಂತು ನಕ್ಕಳು: ‘ಮೀನು ಎಲ್ಲಿ?’
ಮೂರನೆಯದರಲ್ಲಿ ಅವಳು ಕೂತದ್ದೇ ಗೊತ್ತಾಗಲಿಲ್ಲ;
ತಲೆ ತಗ್ಗಿಸಲಿಲ್ಲ, ಸೆರಗು ಬಾಗಿಲಿಗೆ ಸಿಕ್ಕಲಿಲ್ಲ.
ತುಸು ಹೊತ್ತು ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನಿದ್ದು
‘ಇದನ್ನು ವಾಪಸಿಗೂ ಕಳಿಸ್ತೀಯಾ ವಾಮನ?
ಹೋಗುವಾಗ ಹೇಗೂ ಹೋಗ್ತೇನೆ.
ಬರುವಾಗಲೇ ಮಾರಾಯ, ಕಾಲು ನನ್ನದಲ್ಲ.’

ತೀರ್ಮಾನ: ಎತ್ತರ ಮಾಡಿನ, ಚಪ್ಪಟೆ ಮೂತಿಯ,
ನೋಡಲಿಕ್ಕೆ ಬ್ರೆಡ್ಡಿನ ಡಬ್ಬದಂಥ ಗಾಡಿ, ಹನ್ನೆರಡು.
ಹಿಂದಿನ ಸೀಟು ಮಡಚಿದರೆ ಕಂಬಳಿ ಹಿಡಿಯುತ್ತದೆ,
ಏಳು ಜನ ಹಿಡಿಯುವುದಿಲ್ಲ.
ಬ್ಯಾಟರಿಯೋ ಪೆಟ್ರೋಲೋ ಎಂಬುದು ಚಹಾ ಆರುವ ತನಕ ನಡೆದು
ಪೆಟ್ರೋಲು ಒಂದು ಮತದಿಂದ ಗೆದ್ದಿತು.
‘ನನ್ನ ವಿರೋಧ ಬರೆಯಿರಿ’ ಎಂದಳು ಪ್ರೆಸಿಲ್ಲಾ. ಬರೆದೆ.
ದೀಕ್ಷಿತ ಕಿಟಕಿಯ ಹೊರಗೆ ನೋಡುತ್ತಿದ್ದ.

ಕಾರಣ ಎಂಬ ಕಾಲಮ್ಮಿನಲ್ಲಿ
‘ಕಡಿಮೆ ನಿರ್ವಹಣಾ ವೆಚ್ಚ’ ಎಂದು ತುಂಬಿಸಿದೆ.
ಇಪ್ಪತ್ತಮೂರು ಇಂಚು ಅಂದರೆ
ಬ್ಯಾಂಕಿನವರು ಫೈಲು ವಾಪಸು ಕಳಿಸಿಯಾರು.

ಬಣ್ಣದ್ದು ಇನ್ನೂ ಜಗಳ ಉಂಟು.
ಟೇಪು ನಡಾವಳಿ ಪುಸ್ತಕದೊಳಗೇ ಉಳಿದಿದೆ,
ಪುಟದ ಗುರುತಿನ ಹಾಗೆ.
ವಾಮನನ ಹೆಂಡತಿ ಎರಡು ಸಲ ಫೋನು ಮಾಡಿದ್ದಾಳೆ:
ಯಾರದ್ದೋ ರವಿಕೆ
ಅರ್ಧದಲ್ಲಿ ನಿಂತಿದೆಯಂತೆ.